ನೋಡದೆ ಬರೆದ ಸೊನ್ನೆ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಆ ವರ್ಷ ಮಳೆ ಹೋಗಿ ಅವರೆಯೂ ಅರ್ಧ ಹುಳುಕು. ಆದರೂ ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟು ಸಿಕ್ಕಿತ್ತು. ಅಷ್ಟಾದರೂ ಕೊಟ್ಟನಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಹಿದುಕುತ್ತಿದ್ದೆ. ಆಗ ಹಿತ್ತಲ ಬಾಗಿಲಿನಿಂದ ಕಾಳಮ್ಮ ಬಂದಳು. ಪಕ್ಕದ ಬೀದಿಯವಳು. ಎರಡು ಹಸು ಕಟ್ಟಿಕೊಂಡು ಹಾಲಿನ ಡೈರಿಗೂ ನಮ್ಮ ದೇವರ ಅಭಿಷೇಕಕ್ಕೂ ಹಾಲು ಕೊಡುತ್ತಿದ್ದವಳು.

"ಅಮ್ಮಾವ್ರೆ, ನಮ್ ಓಬ್ಳಿಗೆ ಬರ ಇಲ್ವಂತೆ," ಅಂದಳು.

"ಯಾರು ಹೇಳಿದ್ದು?"

"ನಾಡಕಚೇರೀಲಿ ಏಳುದ್ರು. ಮ್ಯಾಗ್ಳಿಂದ ಫೋಟ ತಗ್ದವ್ರಂತೆ. ಎಲ್ಲಾ ಅಸ್ರುಗೇ ಅದೆ ಅಂತ ಬಂದದಂತೆ. ಮೇವಿನ ಡಿಪೋ ನಮ್ಗಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಯ ಅಂಚಿನಲ್ಲಿ ಕೂತಳು. "ಫೋಟ ತಗ್ದೋನ್ಗೆ ಏಳಿ ಅಮ್ಮಾವ್ರೆ, ಇನ್ನೊಂದು ಫೋಟ ತಗ್ದು ನನ್ ಅಸೀನ ಹೊಟ್ಟೆ ಒಳ್ಗೆ ಏನದೆ ಅಂತ ನೋಡ್ಲಿ."

ಅವಳ ಮನೆಯಲ್ಲಿ ರಾಗಿಹುಲ್ಲಿನ ಮೆದೆ ಮೊಣಕಾಲುದ್ದಕ್ಕೆ ಇಳಿದಿತ್ತು. ಡಿಪೋ ಬಂದರೆ ಗೌರಿ, ಕೆಂಪಿ ಎರಡೂ ಹಸು ಕೊಟ್ಟಿಗೆಯಲ್ಲಿ ಉಳಿಯುತ್ತವೆ. ಬಾರದಿದ್ದರೆ ಒಂದನ್ನಾದರೂ ಮಾರಬೇಕು. ಹುಲ್ಲಿಲ್ಲದ ಸೀಮೆಯಲ್ಲಿ ಕೊಳ್ಳುವವರು ಯಾರು ಎನ್ನುವುದು ಬೇರೆಯ ಮಾತು.

ನಾನು ಅಷ್ಟು ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಊರಿನ ಮಳೆ ಅಳೆದು ಬರೆದವಳು. ಆ ವರ್ಷ ನಮ್ಮ ಹೋಬಳಿಗೆ ಎಷ್ಟು ಮಳೆ ಬಂದಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಹಾಗಾದರೆ ನನ್ನ ರಿಜಿಸ್ಟರು ಏನಾಯಿತು ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ನನ್ನ ಮೇಲೇ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಈಗ ನನ್ನ ತಂಗಿಯ ಮೊಮ್ಮಗಳ ವಯಸ್ಸಿನ ಹುಡುಗಿಯರು ಈ ಬರದ ಕೆಲಸಕ್ಕೆ ಸೇರುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಯಾವ ಊರಿಗೆ ಬರ, ಯಾವ ಊರಿಗೆ ಇಲ್ಲ ಎಂದು ಹೇಳುವ ಕೆಲಸ. ಅವರಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ ನನಗೆ ಸಿಗಲಿಲ್ಲ. ಸಿಕ್ಕಿದವರನ್ನು ಹತ್ತಿರದಿಂದ ನೋಡಿದ್ದೇನೆ, ಆದ್ದರಿಂದ ಆ ಬಗ್ಗೆ ಕೊರಗೂ ಇಲ್ಲ.

ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣ ಹೋಬಳಿಯ ನಮ್ಮೂರಿಗೆ ನಾನು ಮದುವೆಯಾಗಿ ಬಂದಾಗ ದೇವಸ್ಥಾನದ ಅಂಗಳದಲ್ಲಿ ಆಗಲೇ ಮಳೆಮಾಪಕ ಇತ್ತು. ಸೊಂಟದೆತ್ತರದ ತಂತಿ ಬೇಲಿ, ಅದಕ್ಕೊಂದು ಬೀಗ, ಒಳಗೆ ಕಟ್ಟೆಯ ಮೇಲೆ ಒಂದು ಡಬ್ಬಿ, ಡಬ್ಬಿಯ ಬಾಯಿಗೆ ಆಲಿಕೆ. ಯಾರೋ ಪುಣ್ಯಾತ್ಮರು ಬೇಲಿಯೊಳಗೆ ಕೈ ತೂರಿಸಿ ಅದಕ್ಕೆ ಕುಂಕುಮವನ್ನೂ ಇಟ್ಟಿದ್ದರು. ನೋಡಿಕೊಳ್ಳುವವರು ಎಂದು ಕಾಗದದಲ್ಲಿ ಇದ್ದದ್ದು ನಮ್ಮ ಯಜಮಾನರು, ಅರ್ಚಕ ವೆಂಕಟರಮಣಯ್ಯ. ಆದರೆ ಸರ್ಕಾರ ಮಳೆ ನೋಡಬೇಕೆಂದು ಗೊತ್ತು ಮಾಡಿದ ಸಮಯ ಬೆಳಿಗ್ಗೆ ಎಂಟೂವರೆ. ಅದೇ ನಮ್ಮ ದೇವರ ಮಂಗಳಾರತಿಯ ಸಮಯ.

"ಎಂಟೂವರೆಗೆ ನಾನು ಆರತಿ ಎತ್ತಲೋ, ಇವರ ಡಬ್ಬಿ ಎತ್ತಲೋ?" ಎಂದರು. "ನೀನೇ ನೋಡು. ಅಕ್ಷರ ಬಲ್ಲವಳು."

ಹಾಗೆ ಆ ಕೆಲಸ ನನ್ನದಾಯಿತು, ಹೆಸರು ಅವರದೇ ಉಳಿಯಿತು. ಡಬ್ಬಿಯೊಳಗಿನ ಬಾಟಲಿಯ ನೀರನ್ನು ಗೆರೆ ಹಾಕಿದ ಅಳತೆ ಗಾಜಿಗೆ ಬಗ್ಗಿಸಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಎಷ್ಟು ಮಿಲಿಮೀಟರ್ ಎಂದು ನೋಡಬೇಕು. ರಿಜಿಸ್ಟರಿನಲ್ಲಿ ಬರೆಯಬೇಕು. ವಾರಕ್ಕೊಂದು ಕಾರ್ಡು ಅರಕಲಗೂಡಿಗೆ ಹಾಕಬೇಕು. ಒಲೆಯ ಮೇಲೆ ಅನ್ನ ಇಟ್ಟು ಓಡಿಹೋಗಿ ನೋಡಿಕೊಂಡು ಬರುತ್ತಿದ್ದೆ. ಅನ್ನ ಸೀದದ್ದು ಎರಡೇ ಸಲ. ಅದೂ ಒಂದು ಪುಣ್ಯವೇ.

ಕಷ್ಟವಿದ್ದದ್ದು ತಿಂಗಳಿಗೆ ಮೂರು ದಿನ. ಹೊರಗಾದ ದಿನಗಳಲ್ಲಿ ನಾನು ದೇವಸ್ಥಾನದ ಅಂಗಳಕ್ಕೆ ಕಾಲಿಡುವಂತಿಲ್ಲ. ಹಿತ್ತಲ ಚಾವಡಿಯಲ್ಲಿ ಕೂತಿರುತ್ತಿದ್ದೆ. ಅಂಗಳದಲ್ಲಿ ಬಿದ್ದ ಮಳೆ ಡಬ್ಬಿಯಲ್ಲೇ ಕೂತಿರುತ್ತಿತ್ತು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಹೋಗಿ ಅಷ್ಟನ್ನೂ ಒಟ್ಟಿಗೆ ಅಳೆಯುತ್ತಿದ್ದೆ. ನಡುವಿನ ಮೂರು ದಿನಕ್ಕೆ ಏನು ಬರೆಯಬೇಕು ಎಂದು ಮೊದಲ ತಿಂಗಳೇ ಗ್ರಾಮಲೆಕ್ಕಿಗರನ್ನು ಕೇಳಿದ್ದೆ. ಕಾರಣ ಹೇಳಲಿಲ್ಲ, ಮೂರು ದಿನ ನೋಡಲಾಗಲಿಲ್ಲ ಎಂದಷ್ಟೇ ಹೇಳಿದೆ.

"ಖಾಲಿ ಬಿಟ್ರೆ ಮೇಲಿಂದ ವಾಪಸ್ ಬರುತ್ತಮ್ಮ. ಸೊನ್ನೆ ಹಾಕ್ಬಿಡಿ."

"ನೋಡೇ ಇಲ್ವಲ್ಲ?"

"ನೋಡಿಲ್ಲ ಅಂತ ಬರೆಯೋಕೆ ಕಾಲಂ ಎಲ್ಲಿದೆ?"

ಇರಲಿಲ್ಲ, ನಿಜ. ಸೊನ್ನೆ ಹಾಕಿದೆ. ಹತ್ತು ವರ್ಷ ಹಾಕಿದೆ. ಅಷ್ಟು ವರ್ಷದಲ್ಲಿ ಆ ರಿಜಿಸ್ಟರನ್ನು ತಪಾಸಣೆ ಮಾಡಲು ಬಂದ ಎಷ್ಟೋ ಸಾಹೇಬರು ನಮ್ಮ ಮನೆಯ ಕಾಫಿ ಕುಡಿದು ಕೊನೆಯ ಪುಟದಲ್ಲಿ ರುಜು ಹಾಕಿ ಹೋದರು. ಒಬ್ಬರೂ ಒಳಗಿನ ಪುಟ ತೆರೆದು ನೋಡಲಿಲ್ಲ.

ಸಾಹೇಬರ ಮಾತು ಬಂದದ್ದರಿಂದ ಹಾಸನದ ತರಬೇತಿಯ ಸಂಗತಿ ಹೇಳುತ್ತೇನೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಉಪಗ್ರಹದಿಂದ ತೆಗೆದ ಚಿತ್ರ ನೋಡಿ ಬರ ಗುರುತಿಸುವ ಹೊಸ ಪದ್ಧತಿ ಬರುತ್ತಿದೆ, ಮಳೆ ಅಳೆಯುವವರೆಲ್ಲ ಬಂದು ತಿಳಿದುಕೊಳ್ಳಬೇಕು ಎಂದು ಕಾಗದ ಬಂತು. ಯಜಮಾನರಿಗೆ ಅಂದು ಯಾರದೋ ಮನೆಯ ಸತ್ಯನಾರಾಯಣ ಪೂಜೆ. ನಾನೇ ಬಸ್ಸು ಹತ್ತಿದೆ. ಸಭೆಯಲ್ಲಿ ಹೆಂಗಸು ನಾನೊಬ್ಬಳೇ.

ಗೋಡೆಗೆ ದೊಡ್ಡ ಚಿತ್ರವೊಂದನ್ನು ತೂಗುಹಾಕಿದ್ದರು. ಪಾಠ ಹೇಳಿದವರು ಒಳ್ಳೆಯವರು, ನಿಧಾನವಾಗಿ ಬಿಡಿಸಿ ಹೇಳಿದರು. ಗಿಡಮರಗಳಿಂದ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಬಹಳವಾಗಿ ಹೊರಡುತ್ತದಂತೆ. ಮೇಲಿನ ಕ್ಯಾಮೆರಾ ಅದನ್ನು ಹಿಡಿದು ಚಿತ್ರದಲ್ಲಿ ಕೆಂಪು ಬಣ್ಣವಾಗಿ ತೋರಿಸುತ್ತದಂತೆ. ಅಂದರೆ ಚಿತ್ರದಲ್ಲಿ ಕೆಂಪು ಇದ್ದರೆ ನೆಲದ ಮೇಲೆ ಹಸಿರು. ಮಂಕಾಗಿ ಬೂದು ಬಣ್ಣವಿದ್ದರೆ ಬರೀ ನೆಲ. ಮೋಡ ಕವಿದಿದ್ದರೆ ಏನೂ ಕಾಣುವುದಿಲ್ಲ. ಇಷ್ಟು ನನಗೆ ತಿಳಿಯಿತು.

ಊಟದ ಹೊತ್ತಿಗೆ ದೊಡ್ಡ ಸಾಹೇಬರು ಬಂದರು. ಬೆಳಗಿನ ಪಾಠ ಅವರು ಕೇಳಿರಲಿಲ್ಲ. ನೇರವಾಗಿ ಚಿತ್ರದ ಮುಂದೆ ನಿಂತು ಕೋಲು ತೆಗೆದುಕೊಂಡು, ಪಶ್ಚಿಮದಲ್ಲಿ ಕಾಡು ಬೆಟ್ಟ ಇರುವ ಭಾಗ ಕೆಂಪಗೆ ಹೊಳೆಯುತ್ತಿತ್ತಲ್ಲ, ಅಲ್ಲಿ ಕುಟ್ಟಿದರು. "ನೋಡಿ, ಇಲ್ಲಿ ಪರಿಸ್ಥಿತಿ ಗಂಭೀರ ಇದೆ. ಮೊದಲು ಇಲ್ಲಿಗೆ ನೀರಿನ ಟ್ಯಾಂಕರ್ ಕಳಿಸಬೇಕು." ಆಮೇಲೆ ಚನ್ನರಾಯಪಟ್ಟಣದ ಕಡೆಯ ಬೂದು ಬಯಲನ್ನು ತೋರಿಸಿ, "ಇಲ್ಲಿ ಸದ್ಯಕ್ಕೆ ಚಿಂತೆ ಇಲ್ಲ" ಎಂದರು. ಪಾಠ ಹೇಳಿದವರು ನೆಲ ನೋಡುತ್ತಿದ್ದರು. ಮಿಕ್ಕವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ. ಹೊರಗಿನ ಊಟ ಮಾಡದ ನನಗೆ ಯಾರೋ ಎರಡು ಬಾಳೆಹಣ್ಣು ತಂದುಕೊಟ್ಟರು. ಆ ದಿನ ಆದ ಉಪಯೋಗದ ಕೆಲಸ ಅದೊಂದೇ.

ಮೇಲಿನ ಚಿತ್ರ ಸರಿಯೋ ತಪ್ಪೋ ಎಂದು ನೆಲದ ಮೇಲೆ ಬಂದು ತಾಳೆ ನೋಡುವ ಪದ್ಧತಿಯೂ ಇತ್ತು. ಮಾಡಬೇಕಾದ ಹಾಗೆ ಮಾಡಿದರೆ ಒಳ್ಳೆಯ ಪದ್ಧತಿಯೇ. ನಮ್ಮಲ್ಲಿಗೆ ಒಂದು ವರ್ಷ ಇಬ್ಬರು ಜೀಪಿನಲ್ಲಿ ಬಂದರು, ಕೆರೆಯ ಕಡೆ ದಾರಿ ತೋರಿಸಲು ನಾನೂ ಹೋಗಿದ್ದೆ. ಜೀಪು ಹೋಗುವ ಕಡೆಯೆಲ್ಲ ಹೋದರು, ಜೀಪು ನಿಂತಲ್ಲಿ ನಿಂತರು. ಟಾರು ರಸ್ತೆಯ ಎರಡೂ ಬದಿ ನೀಲಗಿರಿ ಮರ ನೆಟ್ಟಿದ್ದರಿಂದ ಅವರ ಪುಸ್ತಕದಲ್ಲಿ ನಮ್ಮ ತಾಲೂಕು ತುಂಬ ಮರಗಳೇ ಇದ್ದಿರಬೇಕು. ಅವರಲ್ಲೊಬ್ಬರ ಕೈಯಲ್ಲಿ ತಾನು ನಿಂತ ಜಾಗ ಯಾವುದೆಂದು ಉಪಗ್ರಹವನ್ನು ಕೇಳಿ ಹೇಳುವ ಸಣ್ಣ ಯಂತ್ರವಿತ್ತು. ಬಿಸಿಲು ತಡೆಯದೆ ಕೆರೆ ಏರಿಯ ಹೊಂಗೆ ಮರದ ಕೆಳಗೆ ನಿಂತು ಅದನ್ನು ಮೇಲೆ ಹಿಡಿದು ಆ ಕಡೆ ಈ ಕಡೆ ತಿರುಗುತ್ತಿದ್ದರು. ಕಾಳಮ್ಮ ಹಸು ಹೊಡೆದುಕೊಂಡು ಬಂದವಳು ನಿಂತು ನೋಡಿದಳು.

"ಯಾನ್ ಸಾ, ಮರದ್ಮ್ಯಾಲೆ ಕೋತಿ ಅದಾ?"

"ಇಲ್ಲಮ್ಮ. ಉಪಗ್ರಹ ಹುಡುಕ್ತಿದೀನಿ. ಸಿಗ್ತಿಲ್ಲ."

"ಮರದ್ ಕೆಳ್ಗಾ?"

ಅವರು ಯಂತ್ರವನ್ನು ಇನ್ನೂ ಮೇಲಕ್ಕೆ ಎತ್ತಿದರು. ಕಾಳಮ್ಮ ನನ್ನ ಕಡೆ ತಿರುಗಿ, "ಅಮ್ಮಾವ್ರೆ, ಇವ್ರ್ಗೆ ಆಕಾಸ ಎಲ್ಲದೆ ಅಂತ ನೀವಾರ ತೋರ್ಸಿ" ಎಂದು ಹೇಳಿ ಹಸುಗಳ ಹಿಂದೆ ಹೋದಳು. ಕೊನೆಗೆ ಅವರು ಮರದ ನೆರಳಿನಲ್ಲೇ ಕೂತು ಹತ್ತು ಜಾಗ ತುಂಬಿಸಿದರು. ಕೂತಲ್ಲೇ ಹತ್ತು ಜಾಗ ನೋಡುವುದು ದೇವರಿಗೆ ಸಾಧ್ಯ, ಅವರಿಗೂ ಸಾಧ್ಯವಾಯಿತು.

ಇನ್ನು ಆ ಬರದ ವರ್ಷಕ್ಕೆ ಬರುತ್ತೇನೆ. ಎರಡು ಸಾವಿರದ ಇಸವಿ ಕಳೆದ ಮೇಲಿನ ಆರಂಭದ ವರ್ಷಗಳಲ್ಲೊಂದು. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಹೊಗೆಸೊಪ್ಪು ನೆಡುತ್ತಾರೆ. ರಾಮನಾಥಪುರದಲ್ಲಿ ಅದರ ಹರಾಜು. ಸೊಪ್ಪು ಕೊಯ್ದು ಬೇಯಿಸಿ ಮುಗಿದ ಮೇಲೆ ಅದೇ ಹೊಲಕ್ಕೆ ರಾಗಿ ಬೀಳುತ್ತದೆ. ದನಕರುಗಳ ವರ್ಷದ ಹೊಟ್ಟೆಪಾಡು ಆ ರಾಗಿಯ ಹುಲ್ಲು. ಆ ವರ್ಷ ಮೊದಲ ಮಳೆ ಹೇಗೋ ಬಂತು, ಹೊಗೆಸೊಪ್ಪು ಎದ್ದಿತು. ಆಮೇಲೆ ಮಳೆ ನಿಂತೇ ಹೋಯಿತು. ಆಷಾಢ ಶ್ರಾವಣ ಎರಡೂ ತಿಂಗಳು ಮೋಡ ಕವಿದುಕೊಂಡೇ ಇತ್ತು, ಹನಿ ಬೀಳಲಿಲ್ಲ. ರಾಗಿ ಬಿತ್ತಿದ್ದು ಮೊಳೆಯಲಿಲ್ಲ. ನವರಾತ್ರಿ ಹತ್ತಿರ ಎರಡು ದಿನ ಜಿಟಿಜಿಟಿ ಸೋನೆ. ಅಷ್ಟಕ್ಕೇ ಬೀಳು ಹೊಲಗಳ ತುಂಬ ಪಾರ್ಥೇನಿಯಂ ಕಳೆ ಎದ್ದಿತು. ಸೊಂಟದೆತ್ತರ, ಬಿಳಿ ಹೂವು, ಕಣ್ಣು ಹಾಯಿಸಿದಷ್ಟೂ ಹಸಿರು. ಒಂದು ಹಸುವೂ ಮೂಸುವುದಿಲ್ಲ.

ಇದೆಲ್ಲ ಆಕಾಶದಲ್ಲಿರುವ ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ಹೊಗೆಸೊಪ್ಪೂ ಹಸಿರೇ, ಕಳೆಯೂ ಹಸಿರೇ, ನೀಲಗಿರಿಯೂ ಹಸಿರೇ. ನಾನು ಅದನ್ನು ಬೈಯುವುದಿಲ್ಲ. ತನಗೆ ಕಂಡದ್ದನ್ನು ಅದು ಪ್ರಾಮಾಣಿಕವಾಗಿ ತೋರಿಸಿತು. ಅದನ್ನು ತಿದ್ದುವುದಕ್ಕೆಂದೇ ನೆಲದ ಮೇಲೆ ನನ್ನ ಡಬ್ಬಿ ಇತ್ತು. ಆಕಾಶ ಹಸಿರು ಎಂದಾಗ, ಮಳೆ ಇಷ್ಟೇ ಬಿದ್ದಿದೆಯಲ್ಲ, ಹಸಿರು ಎಲ್ಲಿಂದ ಬಂತು ಎಂದು ಕೇಳುವ ಕೆಲಸ ನನ್ನ ರಿಜಿಸ್ಟರಿನದು. ಆ ರಿಜಿಸ್ಟರನ್ನು ತೆಗೆದು ಪಕ್ಕಕ್ಕಿಟ್ಟಿದ್ದರು.

ಗ್ರಾಮಲೆಕ್ಕಿಗರ ಹತ್ತಿರ ಹೋಗಿ ಕೇಳಿದೆ. ಮೊದಲಿನವರಲ್ಲ, ಹೊಸಬರು. ಕಾಗದ ನೋಡಿ ಹೇಳಿದರು: "ನಿಮ್ಮ ಡೇಟಾ ನಂಬೋ ಹಾಗಿಲ್ಲ ಅಂತ ಬಂದಿದೆಯಮ್ಮ. ಹಾಗಾಗಿ ಗೊರೂರು ಕಡೆಯ ಮಳೆಯನ್ನೇ ನಿಮಗೂ ತಗೊಂಡಿದಾರೆ." ಗೊರೂರಿನ ಕಡೆ ಆ ವರ್ಷ ಮಳೆ ನಮಗಿಂತ ಚೆನ್ನಾಗಿರಲಿಲ್ಲವೇ ಎಂದರೆ ಚೆನ್ನಾಗಿತ್ತು. ಅವರ ಮಳೆ ಅವರಿಗೆ ಬಿದ್ದಿತ್ತು.

ಬರದ ಹೋಬಳಿಗಳ ಪಟ್ಟಿಯ ಬಗ್ಗೆ ತಕರಾರು ಇದ್ದವರು ಅರಕಲಗೂಡಿನ ತಾಲೂಕು ಕಚೇರಿಯ ಸಭೆಗೆ ಬರಬಹುದು ಎಂದರು. ಯಜಮಾನರು ತಾವೇ ಹೋಗುತ್ತೇನೆ ಎಂದರು. "ನೀವು ಹೋಗಿ ಏನು ಹೇಳ್ತೀರಿ? ಆ ಗಾಜಿನಲ್ಲಿ ಗೆರೆ ಎಷ್ಟಿದೆ ಗೊತ್ತಾ ನಿಮಗೆ?" ಎಂದೆ. ಹಾಗಾದರೆ ನೀನೇ ಹೋಗು ಎಂದರು. ಬೆಳಿಗ್ಗೆ ದೇವರಿಗೆ ಎರಡು ಹೂ ಹೆಚ್ಚಿಗೆ ಇಟ್ಟು, ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಕಾಳಮ್ಮನೂ ಜೊತೆಗೆ ಬಂದಳು.

ತಹಸೀಲ್ದಾರರು ನಡುವೆ ಕೂತಿದ್ದರು. ಪಕ್ಕದಲ್ಲಿ ಹಾಸನದಿಂದ ಬಂದ ಪ್ರಸನ್ನ ಎಂಬ ತರುಣ ಅಧಿಕಾರಿ. ಚಿತ್ರದ ಕೆಲಸವೆಲ್ಲ ಅವನದೇ. ನಮ್ಮ ಹೋಬಳಿಯ ಸರದಿ ಬಂದಾಗ ಅವನು ಉದ್ದನೆಯ ಒಂದು ಕಾಗದ ಬಿಡಿಸಿ ಮೇಜಿನ ಮೇಲೆ ಹರಡಿದ. ನನ್ನ ಹತ್ತು ವರ್ಷದ ಮಳೆ ಅದರಲ್ಲಿ ಗೆರೆಗೆರೆಯಾಗಿತ್ತು.

"ಈ ಸ್ಟೇಷನ್ ರಿಜೆಕ್ಟ್ ಮಾಡಿದೀವಿ ಸಾರ್. ನೋಡಿ, ಮಳೆಗಾಲದಲ್ಲೂ ಪ್ರತಿ ತಿಂಗಳು ಸರಿಯಾಗಿ ಮೂರು ದಿನ ಸೊನ್ನೆ. ನಾಲ್ಕನೇ ದಿನ ಒಂದೇ ಸಲ ಜಾಸ್ತಿ ಮಳೆ. ಪಕ್ಕದ ಊರಲ್ಲಿ ಆ ಮೂರು ದಿನ ಮಳೆ ಬಿದ್ದಿರುತ್ತೆ. ನಮ್ಮ ಮೇಲಿನವರು ಮೊದಲು ಇದು ಚಂದ್ರನ ಪ್ರಭಾವ ಇರಬಹುದು ಅಂತ ಅಂದ್ಕೊಂಡಿದ್ರು. ಹುಣ್ಣಿಮೆ ಅಮಾವಾಸ್ಯೆ ಎಲ್ಲಾ ಹಾಕಿ ನೋಡಿದ್ವಿ. ಹೊಂದಲಿಲ್ಲ."

ಇಷ್ಟು ಓದಿದವರು ಸೇರಿ ನನ್ನ ಮೂರು ದಿನವನ್ನು ಚಂದ್ರನ ತಲೆಗೆ ಕಟ್ಟಲು ನೋಡಿದ್ದರು. ಒಂದು ಕಾರ್ಡು ಬರೆದು ಯಾಕೆ ಹೀಗೆ ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು.

"ಈ ವೆಂಕಟರಮಣಯ್ಯ ಅನ್ನೋರು ತಿಂಗಳಿಗೆ ಮೂರು ದಿನ ಎಲ್ಲಿಗೆ ಹೋಗ್ತಾರೆ?" ತಹಸೀಲ್ದಾರರು ಕೇಳಿದರು.

ನಾನು ಎದ್ದು ನಿಂತೆ. "ಅವರು ಎಲ್ಲಿಗೂ ಹೋಗಲ್ಲ ಸಾರ್. ಮಳೆ ನೋಡೋದು ನಾನು. ಅವರ ಹೆಂಡತಿ."

"ಹಾಗಾದ್ರೆ ನೀವು ಎಲ್ಲಿಗೆ ಹೋಗ್ತೀರಮ್ಮ?"

ಕೋಣೆಯ ತುಂಬ ಗಂಡಸರು. ಹೆತ್ತ ತಾಯಿಯ ಹತ್ತಿರವೂ ಕಣ್ಣು ತಗ್ಗಿಸಿ ಹೇಳಿದ ಮಾತು ಅದು. ಹಿಂದಿನಿಂದ ಕಾಳಮ್ಮ ಮೊಣಕೈಯಿಂದ ತಿವಿದಳು. "ಏಳ್ಬುಡಿ ಅಮ್ಮಾವ್ರೆ. ಇವ್ರ್ ಮನೇಲಿ ಎಂಗುಸ್ರು ಇಲ್ವಾ."

"ಎಲ್ಲಿಗೂ ಹೋಗಲ್ಲ ಸಾರ್," ಎಂದೆ. "ಮನೆಯಲ್ಲೇ ಹೊರಗೆ ಕೂತಿರ್ತೀನಿ. ಮಾಪಕ ಇರೋದು ದೇವಸ್ಥಾನದ ಅಂಗಳದಲ್ಲಿ. ಆ ಮೂರು ದಿನ ನಾನು ಅಲ್ಲಿಗೆ ಹೋಗೋ ಹಾಗಿಲ್ಲ."

ಯಾರೋ ಕೆಮ್ಮಿದರು. ಒಬ್ಬರು ಇಲ್ಲದ ಫೈಲು ಹುಡುಕತೊಡಗಿದರು. ಪ್ರಸನ್ನ ತನ್ನ ಕಾಗದದ ಮೇಲೆ ಬೆರಳಿಟ್ಟು ಒಂದು ಸೊನ್ನೆಯಿಂದ ಇನ್ನೊಂದು ಸೊನ್ನೆಗೆ ದಿನ ಎಣಿಸಿದ. ಅವನ ಕಿವಿ ಕೆಂಪಾಯಿತು. ಚಂದ್ರನನ್ನು ಹಾಕಿ ನೋಡಿದವನಿಗೆ ಇದು ಹೊಳೆದಿರಲಿಲ್ಲ.

"ನೀರು ಎಲ್ಲೂ ಹೋಗಿಲ್ಲ ಸಾರ್. ನಾಲ್ಕನೇ ದಿನ ಅಷ್ಟನ್ನೂ ಅಳೆದು ಬರೆದಿದೀನಿ. ತಿಂಗಳ ಒಟ್ಟು ಮಳೆ ಸರಿಯಾಗೇ ಇದೆ."

ಪ್ರಸನ್ನ ತಲೆ ಎತ್ತದೆ ಹೇಳಿದ, "ಆದ್ರೂ ಅಮ್ಮ, ನೋಡದೆ ಸೊನ್ನೆ ಹಾಕಬಾರದಿತ್ತು. ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ. ನೋಡಿಲ್ಲ ಅಂತ ಅಲ್ಲ."

ಮಾತು ಸರಿಯಾಗಿತ್ತು. ಅದು ನನಗೆ ಚುಚ್ಚಿತು. "ತಪ್ಪೇ. ಒಪ್ಪಿಕೊಂಡೆ," ಎಂದೆ. "ನಿಮ್ಮನ್ನೂ ಒಂದು ಕೇಳ್ತೀನಿ. ಮೋಡ ಮುಚ್ಚಿದ್ರೆ ನಿಮ್ಮ ಉಪಗ್ರಹಕ್ಕೆ ನೆಲ ಕಾಣುತ್ತಾ?"

"ಇಲ್ಲ."

"ಆಷಾಢ ಶ್ರಾವಣ ಎರಡೂ ತಿಂಗಳು ನಮಗೆ ಮೋಡ ಇತ್ತು. ಆಗ ನೀವು ಏನು ಬರೆದ್ರಿ?"

"ತಿಂಗಳಲ್ಲಿ ಯಾವ ದಿನ ಅತೀ ಹಸಿರಾಗಿ ಕಾಣುತ್ತೋ ಆ ದಿನದ್ದನ್ನ ಇಡೀ ತಿಂಗಳಿಗೆ ತಗೋತೀವಿ. ಅದು ಪದ್ಧತಿ."

"ಕಾಣದೇ ಇದ್ದ ದಿನಗಳಿಗೂ?"

"ಹೌದು."

"ಅಂದ್ರೆ ನೀವೂ ನೋಡದೆ ಬರೀತೀರಿ. ನಾನು ಸೊನ್ನೆ ಹಾಕ್ತೀನಿ, ನೀವು ಹಸಿರು ಹಾಕ್ತೀರಿ. ನನ್ನದನ್ನು ತೆಗೆದು ಬಿಸಾಕಿದ್ರಿ. ನಿಮ್ಮದನ್ನು ಯಾರು ಬಿಸಾಕಬೇಕು?"

ತಹಸೀಲ್ದಾರರು ನಕ್ಕರು. ಅಲ್ಲಿ ನಕ್ಕವರು ಅವರೊಬ್ಬರೇ, ಅದಕ್ಕೇ ಅವರನ್ನು ಈಗಲೂ ನೆನೆಯುತ್ತೇನೆ. "ಪ್ರಸನ್ನ, ಹೋಗಿ ನೋಡ್ಕೊಂಡು ಬಾರಪ್ಪ," ಎಂದರು. ಹೋಗಿ ನೋಡುವ ಯೋಚನೆ ಆ ವರ್ಷ ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ.

ನೋಡಿಕೊಂಡು ಬರಲು ಹನ್ನೆರಡು ದಿನ ಹಿಡಿಯಿತು. ಜೀಪು ಸಿಗಲಿಲ್ಲ, ಜೀಪು ಸಿಕ್ಕಾಗ ಡೀಸೆಲ್ ಇರಲಿಲ್ಲ, ಡೀಸೆಲ್ ಇದ್ದಾಗ ರಜೆ ಇತ್ತು. ಕಚೇರಿಗೆ ಹನ್ನೆರಡು ದಿನ ಏನೂ ಅಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ದಿನಕ್ಕೆರಡು ಸಲ ಹೊಟ್ಟೆ ಹಸಿಯುತ್ತದೆ. ಒಂಬತ್ತನೇ ದಿನ ಕಾಳಮ್ಮ ಕೆಂಪಿಯನ್ನು ಮಾರಿದಳು. ಹೊಳೆನರಸೀಪುರದ ಕಡೆ ನಾಲೆ ಬಯಲಿನಲ್ಲಿ ಭತ್ತ ಬೆಳೆದವರೊಬ್ಬರು ಬಂದು ಹೊಡೆದುಕೊಂಡು ಹೋದರು. ನನಗೆ ಹೇಳಲಿಲ್ಲ ಅವಳು. ಬೆಳಿಗ್ಗೆ ಅಭಿಷೇಕದ ಹಾಲಿನ ಚೊಂಬು ಅರ್ಧಕ್ಕೆ ಬಂದಾಗ ನನಗೇ ತಿಳಿಯಿತು.

ಪ್ರಸನ್ನ ಬಂದ ದಿನ ಅವನನ್ನು ಟಾರು ರಸ್ತೆಯಿಂದ ಕೆಳಗಿಳಿಸಿ ಬದುವಿನ ಮೇಲೆ ನಡೆಸಿಕೊಂಡು ಹೋದೆ. ಹೊಲದ ತುಂಬ ಆ ಕಳೆ. ಅವನು ತನ್ನ ಚಿತ್ರ ತೆಗೆದು, ಆ ಜಾಗ ನೋಡಿ, "ಇಲ್ಲಿ ನಮ್ಮ ಪ್ರಕಾರ ಬೆಳೆ ಇದೆ" ಎಂದ. ಕಾಳಮ್ಮ ಗೌರಿಯ ಹಗ್ಗ ಹಿಡಿದುಕೊಂಡು ಅಲ್ಲಿಗೇ ಬಂದಿದ್ದಳು. ಹಗ್ಗವನ್ನು ಅವನ ಕೈಗೆ ಕೊಟ್ಟಳು.

"ತಗಳಿ ಸಾ, ನಿಮ್ ಬೆಳೆ ಮೇಯ್ಸಿ. ಇವ್ಳು ಒಂದ್ ಬಾಯಿ ತಿಂದ್ರೆ ಬರ ಇಲ್ಲ ಅಂತ ನಾನೇ ಎಬ್ಬೆಟ್ಟು ಒತ್ಕೊಡ್ತೀನಿ."

ಪಾಪ, ಅವನು ನಿಜವಾಗಿಯೂ ಹಗ್ಗ ಹಿಡಿದು ಎರಡು ಹೆಜ್ಜೆ ಮುಂದೆ ಹೋದ. ಗೌರಿ ಮೂತಿ ಮುಂದೆ ಚಾಚಿ, ಬುಸ್ಸೆಂದು ಉಸಿರು ಬಿಟ್ಟು, ತಲೆ ಒದರಿ ಹಿಂದಕ್ಕೆ ತಿರುಗಿತು. ಅವನ ಬೂಟಿನ ಮೇಲೆ ಸಗಣಿಯನ್ನೂ ಹಾಕಿತು. ಅವನು ಬೂಟು ಒರೆಸಿಕೊಳ್ಳದೆ ಪುಸ್ತಕ ತೆಗೆದು ಬರೆದುಕೊಂಡ. ಅಂದಿನಿಂದ ನನಗೆ ಅವನ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಅಲ್ಲಿಂದ ಮಧ್ಯಾಹ್ನದ ತನಕ ಏಳೆಂಟು ಹೊಲ ನಡೆದೇ ನೋಡಿದ. ಮರದ ಕೆಳಗೆ ನಿಲ್ಲಲಿಲ್ಲ. ಹೊರಡುವಾಗ, "ಅಮ್ಮ, ಹಸಿರಲ್ಲಿ ಇಷ್ಟು ಥರ ಇರುತ್ತೆ ಅಂತ ನಮಗೆ ಹೇಳಿಕೊಡಲ್ಲ" ಎಂದ. "ಹೇಳಿಕೊಡೋರಿಗೆ ಹಸು ಇರಲ್ಲಪ್ಪ," ಎಂದೆ.

ನಾನು ಮಾಡಿದ್ದನ್ನೂ ಹೇಳಬೇಕು. ಆ ತಿಂಗಳೇ ಅರ್ಜಿ ಕೊಟ್ಟು ಮಳೆಮಾಪಕವನ್ನು ದೇವಸ್ಥಾನದ ಅಂಗಳದಿಂದ ಕೀಳಿಸಿ ನಮ್ಮ ಹಿತ್ತಲಿನ ಬಯಲಿಗೆ ಹಾಕಿಸಿದೆ. ಹೊರಗೆ ಕೂರುವ ಮೂರು ದಿನ ನಾನು ಇರುವುದೇ ಅಲ್ಲಿ. ಯಜಮಾನರು ಒಂದು ದಿನ ಮುಖ ಗಂಟುಹಾಕಿಕೊಂಡರು. "ಅದು ದೇವರ ಪಾತ್ರೆಯಲ್ಲ, ಸರ್ಕಾರದ ಡಬ್ಬಿ" ಎಂದೆ. ನನ್ನ ಮಡಿಯನ್ನು ನಾನು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಡಬ್ಬಿಯನ್ನು ಅದರಿಂದ ಬಿಡಿಸಿದೆ, ಅಷ್ಟೇ. ಇದು ಹತ್ತು ವರ್ಷ ಮೊದಲೇ ಹೊಳೆಯಬಹುದಾಗಿತ್ತು. ನಾಚಿಕೆ ನನ್ನ ಬಾಯಿ ಕಟ್ಟಿತ್ತು, ಕಾಲಂ ಇಲ್ಲದ್ದು ಅವರ ಬಾಯಿ ಕಟ್ಟಿತ್ತು. ಆಮೇಲೆ ನಾನೇ ಸ್ಕೇಲು ಇಟ್ಟು ರಿಜಿಸ್ಟರಿನ ಅಂಚಿನಲ್ಲಿ ಇನ್ನೊಂದು ಕಾಲಂ ಗೆರೆ ಎಳೆದು "ನೋಡಿಲ್ಲ" ಎಂದು ಹೆಸರಿಟ್ಟೆ. ಯಾರೂ ವಾಪಸ್ ಕಳಿಸಲಿಲ್ಲ.

ಕಾರ್ಡು ಹೋಗಿ ಫ್ಯಾಕ್ಸು ಬಂತು, ಫ್ಯಾಕ್ಸು ಹೋಗಿ ಫೋನು ಬಂತು. ಕೊನೆಗೆ ಸೂರ್ಯನ ಬೆಳಕಿನಲ್ಲಿ ನಡೆಯುವ, ತಾನೇ ಅಳೆದು ತಾನೇ ಕಳಿಸುವ ಯಂತ್ರ ಬಂತು. ನಾಡಕಚೇರಿಯ ಮುಂದೆ ನಿಲ್ಲಿಸಿದರು. ನಾನು ಇನ್ನು ಅಳೆದು ಬರೆಯಬೇಕಾಗಿಲ್ಲ ಎಂದರು. ಅದೇ ನನ್ನ ನಿವೃತ್ತಿ. ಶಾಲು ಹೊದಿಸಲಿಲ್ಲ, ಬೀಗದ ಕೈ ವಾಪಸ್ ತೆಗೆದುಕೊಂಡರು. ಮೊದಲ ಮಳೆಗಾಲದಲ್ಲೇ ಆ ಯಂತ್ರದ ಬಾಯಿಗೆ ತರಗೆಲೆ ಬಿದ್ದು ಕಟ್ಟಿಕೊಂಡಿತು. ಹೊರಗೆ ಮಳೆ ಹೊಯ್ಯುತ್ತಿದ್ದರೂ ಅದು ಸೊನ್ನೆ ಸೊನ್ನೆ ಎಂದು ಕಳಿಸುತ್ತಲೇ ಇತ್ತು. ಕಳಿಸಿದ್ದನ್ನು ಅಲ್ಲಿ ಬರೆದುಕೊಳ್ಳುತ್ತಲೇ ಇದ್ದರು. ನಾನು ಮಾಡಿದ ತಪ್ಪನ್ನೇ ಮಾಡಲು ಅಷ್ಟು ದೊಡ್ಡ ಯಂತ್ರ ಬೇಕಾಯಿತು. ಅದಕ್ಕೆ ಹೊರಗೆ ಕೂರುವ ನೆಪವೂ ಇರಲಿಲ್ಲ.

ಆದ್ದರಿಂದ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಚಿತ್ರದಲ್ಲಿ ಹಸಿರು ಕಂಡರೆ ಅದನ್ನು ಯಾವ ಹಸು ತಿನ್ನುತ್ತದೆ ಎಂದು ಕೇಳಿ. ಸೊನ್ನೆ ಕಂಡರೆ ಅದನ್ನು ಯಾರು ನೋಡಿ ಬರೆದರು ಎಂದು ಕೇಳಿ. ಕೇಳಲು ನಾಚಿಕೆಯಾದರೆ ಬೇರೆ ಕೆಲಸ ನೋಡಿಕೊಳ್ಳಿ.

ಇವೆಲ್ಲ ಆಮೇಲಿನ ಮಾತು. ಆ ವರ್ಷ ಪ್ರಸನ್ನ ನೋಡಿಹೋದ ಒಂದು ವಾರಕ್ಕೆ ನಮ್ಮ ಹೋಬಳಿ ಪಟ್ಟಿಗೆ ಸೇರಿತು. ಇನ್ನೆರಡು ದಿನಕ್ಕೆ ನಾಡಕಚೇರಿಯ ಬಯಲಿನಲ್ಲಿ ಮೇವಿನ ಡಿಪೋ ತೆರೆಯಿತು. ಬೆಳಿಗ್ಗೆಯೇ ಒಂದು ಕಟ್ಟು ಒಯ್ದು ಗೌರಿಗೆ ಹಾಕಿದ್ದ ಕಾಳಮ್ಮ ಸಂಜೆ ಮತ್ತೆ ಡಿಪೋಗೆ ಹೋಗಿ, ತಲೆಯ ಮೇಲೆ ಎರಡು ಕಟ್ಟು ಹುಲ್ಲು ಹೊತ್ತುಕೊಂಡು ನಮ್ಮ ಹಿತ್ತಲಲ್ಲೇ ಹಾದು ಬಂದಳು. ಕಟ್ಟು ಇಳಿಸಿ ಒಂದು ಎಳೆ ಕಿತ್ತು ನನ್ನ ಕೈಗೆ ಕೊಟ್ಟಳು. ಭತ್ತದ ಹುಲ್ಲು.

"ವಾಸ್ನೆ ನೋಡಿ. ನಾಲೆ ಬಯ್ಲುದು," ಅಂದಳು. "ಲಾರಿಯೋನ ಕೇಳ್ದೆ. ಹೊಳೆನರ್ಸೀಪುರದ್ ಕಡೆಯಿಂದ ತುಂಬ್ಕ ಬಂದ್ನಂತೆ."

ನಾನು ಆ ಎಳೆಯನ್ನು ಮೂಗಿನ ಹತ್ತಿರ ಹಿಡಿದೆ.

"ಕೆಂಪಿ ಓದ್ ಕಡೆಯಿಂದ್ಲೇ ಉಲ್ಲು ಬಂದದೆ ಅಮ್ಮಾವ್ರೆ. ಅವ್ಳು ಅಲ್ಲಿಗೋಗಿ ತಿಂತಾವ್ಳೆ, ಇವ್ಳು ಇಲ್ಲಿದ್ದು ತಿಂತಾವ್ಳೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನ ಸೊನ್ನೆಗಳಿಂದ ಅವಳ ಕೊಟ್ಟಿಗೆಯ ಒಂದು ಗೂಟ ಖಾಲಿಯಾಗಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಕೆಂಪಿ ಕಟುಕರ ಪಾಲಾಗದೆ ಹುಲ್ಲಿರುವ ಕಡೆ ಹೋಯಿತು, ಗೌರಿ ಉಳಿಯಿತು. ದೇವರು ಮಾಡಿದ್ದನ್ನು ಇಷ್ಟೆಂದು ನೆನೆದುಕೊಂಡೆ. ನಾನು ಮಾಡಿದ್ದನ್ನು ಅದರಲ್ಲಿ ಸೇರಿಸಲಿಲ್ಲ.

ಕಾಳಮ್ಮ ಸೆರಗಿನ ಮರೆಯಿಂದ ಚೊಂಬು ತೆಗೆದು ಜಗಲಿಯ ಮೇಲಿಟ್ಟಳು. ಗೌರಿಯ ಸಂಜೆಯ ಹಾಲು, ಚೊಂಬಿನ ಅರ್ಧಕ್ಕೆ ಒಂದು ಬೆರಳು ಮೇಲೆ. "ಉಲ್ಲು ತಿಂದ್ಮ್ಯಾಲೆ ಕರ್ದಿದ್ದು," ಎಂದು ಹೇಳಿ ಕಟ್ಟು ತಲೆಗೇರಿಸಿಕೊಂಡು ಹೋದಳು. ನಾನು ಒಳಗೆ ಹೋಗಿ ಹಾಲು ಕಾಯಿಸಿ, ಕೈಗೆ ಹಿತವಾಗುವಷ್ಟು ಆರಿಸಿ, ಬೆಳಿಗ್ಗೆಯ ಮೊಸರನ್ನು ಒಂದು ಚಮಚ ಬಿಟ್ಟು ಹೆಪ್ಪು ಹಾಕಿದೆ.